ಗಾಳದ ದೋಣಿಗೆ ವೈರಿಂಗ್ ಮಾಡಿಸುವ ಮುನ್ನ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಕರಾವಳಿಯಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರ ಬಗ್ಗೆ ಬಂದ ಬರಹ ಓದಿ ಖುಷಿಯಾಯ್ತು. ಫೋಟೋದಲ್ಲಿದ್ದ ಅಂಜಲ್ ಮೀನು ನೋಡಿ ಮನೆಯವರೆಲ್ಲ ಸಾರಿನ ಮಾತೇ ಶುರು ಮಾಡಿದರು. ಆದರೆ ನನ್ನ ಕಣ್ಣು ಹೋಗಿದ್ದು ಫೋಟೋದ ಮೂಲೆಗೆ. ದೋಣಿಯ ಹಿಂಬದಿಯಲ್ಲಿ ಬ್ಯಾಟರಿ ಮುಚ್ಚಳವಿಲ್ಲದೆ ನೆಲದ ಮೇಲೇ ಇದೆ. ಮನೆಗೆ ಹಾಕುವ ಕೆಂಪು-ಕಪ್ಪು ವೈರನ್ನು ಅದಕ್ಕೆ ಸುತ್ತಿದ್ದಾರೆ. ಮೂರು ಜನರಲ್ಲಿ ಒಬ್ಬರ ಮೈಮೇಲೂ ಲೈಫ್ ಜಾಕೆಟ್ ಇಲ್ಲ. ತಪ್ಪು ಹುಡುಕಲು ಹೇಳುತ್ತಿಲ್ಲ. ಮೂರು ವರ್ಷದ ಹಿಂದೆ ನಮ್ಮ ದೋಣಿಯೂ ಹೀಗೇ ಇತ್ತು. ಅದರಿಂದ ಏನಾಯ್ತು ಅಂತ ಬರೆದರೆ ಹೊಸದಾಗಿ ದೋಣಿ ಮಾಡಿಸುವ ನಾಲ್ಕು ಜನರಿಗಾದರೂ ಉಪಯೋಗ ಆದೀತು ಅಂತ ಈ ಪತ್ರ.

ನಾವು ಮೂರು ಜನ ಗೆಳೆಯರು ಸೇರಿ 20 ಅಡಿಯ ಫೈಬರ್ ದೋಣಿ ತಗೊಂಡೆವು, 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಊರು ಕುಂದಾಪುರ, ಹೋಗುವುದು ಗಂಗೊಳ್ಳಿ ಅಳಿವೆಯಿಂದ. ರಜೆಯಲ್ಲಿ ಗಲ್ಫಿನಿಂದ ಬಂದ ಗೆಳೆಯನ ಅಣ್ಣ ನೀರೊಳಗಿನ ಮೀನು, ತಳ ತೋರಿಸುವ ಒಂಬತ್ತು ಇಂಚಿನ ಪರದೆಯ ಫಿಶ್ ಫೈಂಡರ್ ತಂದುಕೊಟ್ಟರು. ಅದಕ್ಕೇ ಅರವತ್ತು ಸಾವಿರ ದಾಟಿತ್ತು. ಅದನ್ನು ಕೂರಿಸಿ ವೈರ್ ಎಳೆಯಲು ಕಾರಿಗೆ ಹಾಡಿನ ಸೆಟ್ ಹಾಕುವ ಒಬ್ಬರಿಗೆ ಕೊಟ್ಟ ದುಡ್ಡು ಎರಡು ಸಾವಿರ. ಅವರು ಗೊತ್ತಿರುವ ಕೆಲಸವನ್ನು ಗೊತ್ತಿರುವ ಹಾಗೆ ಮಾಡಿದರು, ಅವರದ್ದೇನೂ ತಪ್ಪಿಲ್ಲ. ಕಾರು ಉಪ್ಪು ನೀರಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನು ನಾವು ಯೋಚಿಸಬೇಕಿತ್ತು.

ಮೊದಲ ವರ್ಷವೇ, ನವೆಂಬರಿನ ಒಂದು ಶನಿವಾರ. ಅಳಿವೆಯಿಂದ ಹೊರಗೆ ಹನ್ನೆರಡು ಕಿಲೋಮೀಟರ್ ಇರಬಹುದು, ಆಳ ಇಪ್ಪತ್ತು ಮೀಟರ್ ಆಸುಪಾಸು. ಬೆಳಿಗ್ಗೆಯಿಂದ ಎಂಜಿನ್ ನಿಲ್ಲಿಸಿ ಲಂಗರು ಹಾಕಿ ಕೂತಿದ್ದೆವು. ಪರದೆ ಉರಿಯುತ್ತಲೇ ಇತ್ತು, ಜೀವಂತ ಮೀನು ಇಡುವ ಡಬ್ಬಿಯ ಪಂಪ್ ಓಡುತ್ತಲೇ ಇತ್ತು, ಮಧ್ಯೆ ಹಾಡು ಬೇರೆ. ಸಂಜೆ ಐದಕ್ಕೆ ಹೊರಡೋಣ ಅಂತ ಕೀಲಿ ತಿರುಗಿಸಿದರೆ ಟಕ್ ಅಂತ ಒಂದು ಸದ್ದು. ಅಷ್ಟೇ. ಇನ್ನೊಂದು ಸಲ ತಿರುಗಿಸಿದರೆ ಅದೂ ಇಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಗಾಳಿ ಜೋರಾಗುತ್ತಿತ್ತು, ಲಂಗರು ಜಾರುತ್ತಿತ್ತು, ತಳದಲ್ಲಿ ನೀರು ಸೇರಿ ಕಾಲು ಒದ್ದೆಯಾಗುತ್ತಿತ್ತು. ಕತ್ತಲಾದ ಮೇಲೆ ಬಂದರಿಗೆ ಮರಳುತ್ತಿದ್ದ ಒಂದು ಟ್ರಾಲ್ ಬೋಟಿನವರಿಗೆ ನಮ್ಮ ಟಾರ್ಚ್ ಕಂಡಿತು. ಹಗ್ಗ ಕಟ್ಟಿ ಎಳೆದು ತಂದರು. ಡೀಸೆಲ್ಲಿಗೂ ದುಡ್ಡು ತೆಗೆದುಕೊಳ್ಳಲಿಲ್ಲ. ಅಳಿವೆ ದಾಟುವಾಗ ಇಳಿತದ ನೀರಿಗೆ ಎದುರಾಗಿ ಅಲೆ ಒಡೆಯುತ್ತಿದ್ದದ್ದು ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ.

ಮಾರನೇ ದಿನ ಅದೇ ಬೋಟು ನಡೆಸುವ ತಂಡೇಲರು ನಮ್ಮ ದೋಣಿ ನೋಡಲು ಬಂದರು. ಅರವತ್ತು ದಾಟಿದ ಹಿರಿಯರು. ಪರದೆಯನ್ನು ಒಮ್ಮೆ, ಬ್ಯಾಟರಿಯನ್ನು ಒಮ್ಮೆ ನೋಡಿ, “ಮೀನ್ ಕಾಂಬುಕೆ ಇಷ್ಟೆಲ್ಲ ದುಡ್ ಹಾಕಿದ್ರಿ, ವಾಪಾಸ್ ಬಪ್ಪುಕೆ ಎಂತ ಇತ್ತ್?” ಅಂತ ಕೇಳಿದರು. ಬೈಗುಳ ಅಲ್ಲ ಅದು, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದು. ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೇಲೆ ಅವರೇ ಚಾಕು ತೆಗೆದು ಒಂದು ಜಾಯಿಂಟಿನ ಮೇಲಿನ ಟೇಪ್ ಬಿಚ್ಚಿದರು. ಒಳಗಿಂದ ಹಸಿರು ಪುಡಿ ಉದುರಿತು. ಪ್ಲಾಸ್ಟಿಕ್ ಸಿಪ್ಪೆಯನ್ನು ಒಂದು ಗೇಣು ಹಿಂದಕ್ಕೆ ಸುಲಿದರೂ ತಾಮ್ರ ಕಪ್ಪಾಗಿಯೇ ಇತ್ತು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಉಪ್ಪು ನೀರು ವೈರಿನ ಒಳಗೇ ಏರಿ ಹೋಗಿತ್ತು. ಬಗ್ಗಿಸಿದರೆ ಎಳೆಗಳು ಪಟಪಟ ಮುರಿದವು. ಆರು ತಿಂಗಳೂ ಆಗಿರಲಿಲ್ಲ ನೋಡಿ.

ಹಾಗಾಗಿ ನನ್ನ ಮೊದಲ ಮಾತು ವೈರಿನ ಬಗ್ಗೆ. ದೋಣಿಗೆ ಬೇಕಾದದ್ದು ತವರದ ಲೇಪ ಇರುವ, ಸಣ್ಣ ಎಳೆಗಳ ತಾಮ್ರದ ವೈರು. ಎಂಜಿನ್ನಿನ ನಡುಕಕ್ಕೆ ದಪ್ಪ ಒಂಟಿ ಎಳೆ ಬೇಗ ಮುರಿಯುತ್ತದೆ, ಸಣ್ಣ ಎಳೆಗಳದ್ದು ಬಾಗುತ್ತದೆ. ದಪ್ಪದ ವಿಷಯದಲ್ಲಿ ಜಿಪುಣತನ ಬೇಡ. ಒಂದು ಲೆಕ್ಕ ಹೇಳುತ್ತೇನೆ. ಬ್ಯಾಟರಿಯಿಂದ ಪಂಪಿಗೆ ಆರು ಮೀಟರ್ ದೂರ, ಅಂದರೆ ಹೋಗಿ ಬರಲು 12 ಮೀಟರ್ ವೈರು. ಪಂಪ್ 4 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. 1 ಚದರ ಮಿಲಿಮೀಟರ್ ವೈರು ಹಾಕಿದರೆ ಸುಮಾರು 0.8 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ 0.2 ವೋಲ್ಟ್ ಮಾತ್ರ. ಮನೆಯ 230 ವೋಲ್ಟಿನಲ್ಲಿ 0.8 ಹೋದರೆ ಗೊತ್ತೂ ಆಗುವುದಿಲ್ಲ, 12 ವೋಲ್ಟಿನಲ್ಲಿ ಅದು ದೊಡ್ಡ ನಷ್ಟ. ಬ್ಯಾಟರಿ ಸ್ವಲ್ಪ ಇಳಿದ ಕೂಡಲೇ ಫಿಶ್ ಫೈಂಡರ್ ತಾನಾಗಿ ಆಫ್ ಆಗಿ ಆನ್ ಆಗುವುದು, ಪಂಪ್ ಮುಕ್ಕರಿಯುವುದು ಎಲ್ಲ ಎಷ್ಟೋ ಸಲ ಇದರಿಂದಲೇ. ಜನ ಯಂತ್ರ ಕೆಟ್ಟಿತು ಅಂತ ಹೊಸದು ತರುತ್ತಾರೆ.

ಜಾಯಿಂಟುಗಳನ್ನು ತಿರುಚಿ ಟೇಪ್ ಸುತ್ತಬಾರದು. ವೈರಿನ ತುದಿಗೆ ಸರಿಯಾದ ಅಳತೆಯ ಲಗ್ (ಲೋಹದ ಕೊಳವೆ) ಹಾಕಿ ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿ, ಅದರ ಮೇಲೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಬೇಕು. ತುದಿಯಲ್ಲಿ ಅಂಟು ಕರಗಿ ಸಣ್ಣ ಉಂಗುರದ ಹಾಗೆ ಹೊರಗೆ ಬಂದರೆ ನೀರು ಒಳಗೆ ಹೋಗುವುದಿಲ್ಲ ಅಂತ ಅರ್ಥ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ಒಂದು ಗೇಣಿನೊಳಗೆ. ಪರದೆಯ ಹಿಂದೆ ಫ್ಯೂಸ್ ಹಾಕಿ ಬ್ಯಾಟರಿಯಿಂದ ಅಲ್ಲಿಯವರೆಗಿನ ಐದು ಮೀಟರ್ ವೈರನ್ನು ಹಾಗೇ ಬಿಟ್ಟರೆ, ಮಧ್ಯೆ ಎಲ್ಲಾದರೂ ಸಿಪ್ಪೆ ಉಜ್ಜಿ ಹೋದಾಗ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಕಿಡಿ ಹಾರುತ್ತದೆ. ನಮ್ಮ ದೋಣಿಯಲ್ಲಿ ಹಾಗೇ ಇತ್ತು. ನಮ್ಮ ಪುಣ್ಯ, ಏನೂ ಆಗಲಿಲ್ಲ.

ಇನ್ನು ಬ್ಯಾಟರಿ. ಒಂದೇ ಇದ್ದರೆ ನಮಗಾದದ್ದೇ ನಿಮಗೂ ಆಗುತ್ತದೆ. ಎರಡು ಬೇಕು. ಒಂದು ಎಂಜಿನ್ ಸ್ಟಾರ್ಟ್ ಮಾಡಲು ಮಾತ್ರ, ಬೇರೆ ಯಾವುದಕ್ಕೂ ಅದನ್ನು ಮುಟ್ಟಬಾರದು. ಇನ್ನೊಂದು ಪರದೆ, ಲೈಟು, ಮೀನಿನ ಡಬ್ಬಿಯ ಪಂಪಿಗೆ. ನಡುವೆ ಒಂದು ಬ್ಯಾಟರಿ ಸ್ವಿಚ್. ಎರಡನ್ನೂ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ಬೆಲ್ಟ್ ಬಿಗಿಯಬೇಕು, ಅಲೆಗೆ ಹಾರಿ ಬೀಳಬಾರದು. ಮತ್ತೆ ಒಂದು ಮಾತು. ಎಷ್ಟೋ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಬ್ಯಾಟರಿ ಕೈಕೊಟ್ಟರೆ ಕೈಯಿಂದ ಎಳೆದು ಸ್ಟಾರ್ಟ್ ಮಾಡಲು ಹಗ್ಗ ಕೊಟ್ಟಿರುತ್ತಾರೆ. ನಮ್ಮದರಲ್ಲೂ ಇತ್ತು. ಅದು ಎಂಜಿನ್ ಮುಚ್ಚಳದ ಒಳಗಿದೆ, ಹೀಗೆ ಸುತ್ತಿ ಹೀಗೆ ಎಳೆಯಬೇಕು ಅಂತ ಗೊತ್ತಾದದ್ದು ಒಂದು ವಾರದ ನಂತರ ಕಂಪನಿಯ ಪುಸ್ತಕ ಓದಿದಾಗ. ದಯವಿಟ್ಟು ದಡದಲ್ಲೇ ಒಮ್ಮೆ ಎಳೆದು ನೋಡಿ.

ತಳದ ನೀರು ಎತ್ತುವ ಬಿಲ್ಜ್ ಪಂಪ್ ಬಗ್ಗೆಯೂ ಹೇಳಬೇಕು. ಅವತ್ತು ನಮ್ಮ ಪಂಪ್ ಓಡದಿದ್ದಕ್ಕೆ ಬ್ಯಾಟರಿ ಒಂದೇ ಕಾರಣ ಅಲ್ಲ. ಆಮೇಲೆ ಬಿಚ್ಚಿ ನೋಡಿದರೆ ಅದರ ಬಾಯಿಯಲ್ಲಿ ಥರ್ಮೋಕೋಲ್ ಕಾಳು ತುಂಬಿತ್ತು. ಐಸ್ ಇಡಲು ತಂದ ಪೆಟ್ಟಿಗೆಯ ಚೂರು. ಈಗ ಥರ್ಮೋಕೋಲ್ ಪೆಟ್ಟಿಗೆಯನ್ನು ದೋಣಿಗೆ ಹತ್ತಿಸುವುದೇ ಇಲ್ಲ. ಪಂಪಿನ ಅಳತೆಯಲ್ಲೂ ಎಲ್ಲರೂ ಎಡವುತ್ತಾರೆ. ಡಬ್ಬದ ಮೇಲೆ 500 ಗ್ಯಾಲನ್ ಅಂತ ಬರೆದದ್ದು ಗಂಟೆಗೆ. ಅಂದರೆ ನಿಮಿಷಕ್ಕೆ 31-32 ಲೀಟರ್, ಅದೂ ಪೈಪ್ ಮೇಲಕ್ಕೆ ಏರದೆ ನೇರ ಇದ್ದಾಗ. ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ ಒಂದು ಇಂಚಿನ ತೂತು ಬಿದ್ದರೆ ಒಳಗೆ ನುಗ್ಗುವ ನೀರು ನಿಮಿಷಕ್ಕೆ 40 ಲೀಟರಿಗೂ ಜಾಸ್ತಿ. ಲೆಕ್ಕ ಹಾಕಿ ನೋಡಿ. ದೊಡ್ಡ ಪಂಪ್ ಹಾಕಿ, ನೀರು ಏರಿದಾಗ ಪಂಪನ್ನು ತಾನಾಗಿ ಆನ್ ಮಾಡುವ ಫ್ಲೋಟ್ ಸ್ವಿಚ್ ಹಾಕಿ, ಅದನ್ನು ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಕೊಡಿ. ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋದ ಮೇಲೂ ಮಳೆ ನೀರು ತುಂಬಿದರೆ ಅದು ತಾನಾಗಿ ಓಡಬೇಕು. ಇಷ್ಟಾದರೂ ಒಂದು ಬಕೆಟ್ ಜೊತೆಗೆ ಇರಲೇಬೇಕು.

ಫಿಶ್ ಫೈಂಡರ್ ಬೇಡ ಅಂತ ನಾನು ಹೇಳುವುದಿಲ್ಲ. ನನಗೂ ಅದು ಇಷ್ಟ. ತಳದ ಬಂಡೆ, ಅದರ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆ, ಅಲ್ಲಿಗೆ ಗಾಳ ಇಳಿಸಿ ಮುರು ಮೀನು ಹಿಡಿಯುವ ಸಂತೋಷ ಅನುಭವಿಸಿದವರಿಗೇ ಗೊತ್ತು. ಆದರೆ ಆರಿಸುವಾಗ ನಮ್ಮ ಕಡಲನ್ನು ನೋಡಿ ಆರಿಸಬೇಕು, ಅಲ್ವಾ? ನಮ್ಮ ಕರಾವಳಿಯಲ್ಲಿ ತಳ ನಿಧಾನಕ್ಕೆ ಇಳಿಯುತ್ತದೆ. ನಮ್ಮಂತಹ ಸಣ್ಣ ದೋಣಿಗಳು ಹೋಗುವ ದೂರದಲ್ಲಿ ಹದಿನೈದು, ಇಪ್ಪತ್ತು, ಜಾಸ್ತಿ ಅಂದರೆ ಮೂವತ್ತು ಮೀಟರ್. ಇಷ್ಟಕ್ಕೆ 200 ಕಿಲೋಹರ್ಟ್ಸಿನ ಶಬ್ದದ ಅಲೆ ಧಾರಾಳ ಸಾಕು. ನೂರಾರು ಮೀಟರ್ ಆಳಕ್ಕೆ ಇಳಿಯುವ 50 ಕಿಲೋಹರ್ಟ್ಸಿನ ಸಾವಿರ ವ್ಯಾಟ್ ಟ್ರಾನ್ಸ್‌ಡ್ಯೂಸರಿಗೆ, ಅಂದರೆ ನೀರೊಳಗೆ ಶಬ್ದ ಕಳಿಸಿ ಮರಳಿ ಹಿಡಿಯುವ ಭಾಗಕ್ಕೆ, ದುಡ್ಡು ಹಾಕುವುದು ವ್ಯರ್ಥ. 200 ಕಿಲೋಹರ್ಟ್ಸಿನಲ್ಲಿ ಕಿರಣ ಕಿರಿದು. 20 ಡಿಗ್ರಿ ಕೋನ ಅಂದರೆ ಇಪ್ಪತ್ತು ಮೀಟರ್ ಆಳದಲ್ಲಿ ಏಳು ಮೀಟರ್ ಅಗಲದ ಜಾಗ ಮಾತ್ರ ಕಾಣುತ್ತದೆ. ಆದರೆ ಕಂಡದ್ದು ಚೆನ್ನಾಗಿ ಬಿಡಿಸಿ ಕಾಣುತ್ತದೆ, ತಳಕ್ಕೆ ಅಂಟಿಕೊಂಡ ಮೀನೂ ಬಂಡೆಯೂ ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ಮತ್ತೆ, ಹೊರದೇಶದಲ್ಲಿ ಮಾರಿದ ಯಂತ್ರದಲ್ಲಿ ಆ ಕಡೆಯ ಕಡಲಿನ ನಕ್ಷೆ ಇರುತ್ತದೆ. ನಮ್ಮದರಲ್ಲಿ ಅಳಿವೆಯ ಜಾಗದಲ್ಲಿ ಒಂದು ಮೋಟು ಗೆರೆ ಬಿಟ್ಟರೆ ಏನೂ ಇರಲಿಲ್ಲ. ಬಂಡೆ ಎಲ್ಲಿದೆ, ಮರಳು ದಿಣ್ಣೆ ಎಲ್ಲಿದೆ ಅಂತ ತಂಡೇಲರನ್ನು ಕೇಳಿ ಒಂದೊಂದೇ ಗುರುತು ಹಾಕಿಕೊಂಡೆವು. ಅಳಿವೆಯ ಮರಳು ಪ್ರತಿ ಮಳೆಗಾಲ ಜಾಗ ಬದಲಿಸುತ್ತದೆ, ಹಾಗಾಗಿ ಹೋದ ವರ್ಷದ ಗುರುತನ್ನು ನಂಬಿ ಹೋಗುವ ಹಾಗಿಲ್ಲ.

ಟ್ರಾನ್ಸ್‌ಡ್ಯೂಸರ್ ಕೂರಿಸುವುದರಲ್ಲೇ ಅರ್ಧ ಕೆಲಸ ಇದೆ. ನಮ್ಮದನ್ನು ಎಂಜಿನ್ನಿಗೆ ಒತ್ತಿಕೊಂಡ ಹಾಗೆ ಹಾಕಿದ್ದರು. ನಿಂತಾಗ ಎಲ್ಲ ಚೆನ್ನಾಗಿ ಕಾಣುತ್ತಿತ್ತು, ದೋಣಿ ಸ್ವಲ್ಪ ಓಡಿದ ಕೂಡಲೇ ಪರದೆ ತುಂಬ ಮಳೆ ಬಂದ ಹಾಗೆ ಚುಕ್ಕೆ. ಎಂಜಿನ್ನಿನ ಫ್ಯಾನ್ (ಪ್ರೊಪೆಲ್ಲರ್) ಎಬ್ಬಿಸುವ ಗುಳ್ಳೆ ಅದು. ಶಬ್ದ ಗುಳ್ಳೆಯನ್ನು ದಾಟಿ ಹೋಗುವುದಿಲ್ಲ. ಹಿಂದಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗುವ ಫ್ಯಾನ್ ಆದರೆ ಬಲಬದಿಗೆ ಹಾಕಬೇಕು, ಎಂಜಿನ್ನಿನಿಂದ ಕಡಿಮೆ ಅಂದರೂ ಒಂದೂಕಾಲು ಅಡಿ ದೂರ. ತಳದಲ್ಲಿ ಉದ್ದಕ್ಕೆ ಏಣು ಇದ್ದರೆ ಅದರ ಹಿಂದೆ ಹಾಕಬಾರದು, ಅಲ್ಲೂ ಗುಳ್ಳೆ ಬರುತ್ತದೆ. ಅದರ ಮುಖ ದೋಣಿಯ ತಳಕ್ಕಿಂತ ಕೂದಲೆಳೆಯಷ್ಟು ಕೆಳಗಿರಲಿ. ಒಂದೇ ಸಲಕ್ಕೆ ಸರಿಯಾದ ಜಾಗ ಸಿಗುವುದಿಲ್ಲ, ಮೂರು ನಾಲ್ಕು ಸಲ ಓಡಿಸಿ ಸರಿ ಮಾಡಬೇಕು. ಅದಕ್ಕಾಗಿ ಮೊದಲು ದಪ್ಪ ಪ್ಲಾಸ್ಟಿಕ್ ಹಲಗೆಯೊಂದನ್ನು ದೋಣಿಗೆ ಬೋಲ್ಟ್ ಮಾಡಿ, ಟ್ರಾನ್ಸ್‌ಡ್ಯೂಸರನ್ನು ಆ ಹಲಗೆಗೆ ಸ್ಕ್ರೂ ಮಾಡಿ. ಬೇಕಾದಷ್ಟು ಸಲ ಜರುಗಿಸಬಹುದು, ದೋಣಿಗೆ ಎರಡೇ ತೂತು.

ತೂತು ಅಂದೆ ನೋಡಿ, ಇದು ಮುಖ್ಯ. ಫೈಬರ್ ದೋಣಿಯ ಹಿಂಬದಿಯ ಹಲಗೆಯ ಒಳಗೆ ಎಷ್ಟೋ ಸಲ ಇರುವುದು ಪ್ಲೈವುಡ್. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಸುಮ್ನೆ ಡ್ರಿಲ್ ಹೊಡೆದು ಸ್ಕ್ರೂ ಬಿಗಿದರೆ ನೀರು ನಿಧಾನಕ್ಕೆ ಒಳಗೆ ಇಳಿದು ಮರ ಕೊಳೆಯುತ್ತದೆ, ಆಮೇಲೆ ಎಂಜಿನ್ನಿನ ಭಾರ ಹೊರುವ ಜಾಗವೇ ಮೆತ್ತಗಾಗುತ್ತದೆ. ನಮ್ಮ ಗಾಳದ ಕೋಲು ನಿಲ್ಲಿಸುವ ಹೋಲ್ಡರಿನ ಹತ್ತಿರ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು, ಸ್ಕ್ರೂ ತೆಗೆದರೆ ಕಾಫಿ ಬಣ್ಣದ ನೀರು ಸುರಿಯಿತು. ಸರಿಯಾದ ಕ್ರಮ ಅಂದರೆ ಬೇಕಾದದ್ದಕ್ಕಿಂತ ದೊಡ್ಡ ತೂತು ಮಾಡಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯುವುದು. ಸ್ಕ್ರೂ, ಬೋಲ್ಟ್ 316 ದರ್ಜೆಯ ಸ್ಟೀಲ್ ಇರಲಿ. ಪಾತ್ರೆಗೆ ಬಳಸುವ 304 ಕಡಲಲ್ಲಿ ಕೆಂಪಾಗುತ್ತದೆ. ಅಂಟಿಗೆ ಬಾತ್‌ರೂಮಿನ ಸಿಲಿಕಾನ್ ಬೇಡ, ದೋಣಿಗೆ ಅಂತಲೇ ಸಿಗುವ ಪಾಲಿಯುರಿಥೇನ್ ತನ್ನಿ. ಮತ್ತೆ ಹೋಲ್ಡರಿನ ಅಡಿಯಲ್ಲಿ ಒಂದು ದಪ್ಪ ಪಟ್ಟಿ ಕೊಟ್ಟೇ ಬಿಗಿಯಿರಿ. ಹತ್ತು ಕಿಲೋದ ಕೇದರ ಮೀನು ಎಳೆದರೆ ಬರೀ ಫೈಬರ್ ಹಿಡಿದು ನಿಲ್ಲುವುದಿಲ್ಲ.

ಪೆಟ್ರೋಲ್ ಪೈಪಿಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಕರಾವಳಿಯಲ್ಲಿ ಕೇಳಬೇಕೇ.

ಲಂಗರಿನ ಹಗ್ಗ ಆಳದ ಐದು ಪಟ್ಟಾದರೂ ಇರಬೇಕು. ನಮ್ಮದು ಇಪ್ಪತ್ತು ಮೀಟರ್ ಆಳಕ್ಕೆ ಮೂವತ್ತು ಮೀಟರ್ ಇತ್ತು, ಜಾರದೆ ಇನ್ನೇನು ಮಾಡುತ್ತದೆ? ಎಂಜಿನ್ನಿನ ಕೆಂಪು ಕಿಲ್ ಸ್ವಿಚ್ ದಾರವನ್ನು ಓಡಿಸುವವರು ಕೈಗೆ ಸಿಕ್ಕಿಸಿಕೊಳ್ಳಲೇಬೇಕು. ಅವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲುವುದು ಅದರಿಂದಲೇ. ಲೈಫ್ ಜಾಕೆಟ್ ಸೀಟಿನಡಿ ಇಟ್ಟರೆ ಪ್ರಯೋಜನ ಇಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಜನ ಹೋದರು, ಮಕ್ಕಳೂ ಇದ್ದರು. ದಡ ಕಾಣುವಷ್ಟು ಹತ್ತಿರದಲ್ಲಿ. ಅದನ್ನು ನಾವು ಕರಾವಳಿಯವರು ಮರೆಯಬಾರದು.

ಸಹಾಯ ಕೇಳುವ ಸಲಕರಣೆ ಬಗ್ಗೆ ಒಂದು ಎಚ್ಚರಿಕೆ. ಗಲ್ಫಿನಿಂದ ಬರುವವರು ಥುರಾಯಾ, ಇರಿಡಿಯಂ ಸ್ಯಾಟಲೈಟ್ ಫೋನ್ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ದೋಣಿ, ಹಡಗಿನವರು ಮಾತಾಡುವ ವಿಎಚ್‌ಎಫ್ ವೈರ್‌ಲೆಸ್ಸಿಗೂ ಲೈಸೆನ್ಸ್ ಬೇಕು, ತಲೆನೋವಾದರೂ ಮಾಡಿಸಿಕೊಳ್ಳಿ. 16ನೇ ಚಾನೆಲ್ ಎಲ್ಲ ಹಡಗುಗಳೂ ಕೇಳಿಸಿಕೊಳ್ಳುವ ಚಾನೆಲ್. ಆ್ಯಂಟೆನಾ ಎಷ್ಟು ಎತ್ತರ ಇದ್ದರೆ ಅಷ್ಟು ದೂರ ಕೇಳಿಸುತ್ತದೆ. ಜೊತೆಗೆ ಹೊರಡುವ ಮೊದಲು ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗೆ ಬರೆದು ಕೊಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯಿತು. ಅವಶೇಷ ನೌಕಾಪಡೆಗೆ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡೆ. ಅಷ್ಟು ದೊಡ್ಡ ಬೋಟಿಗೇ ಹೀಗಾದರೆ ಇಪ್ಪತ್ತು ಅಡಿಯ ದೋಣಿಯನ್ನು ಎಲ್ಲಿ ಅಂತ ಹುಡುಕುವುದು?

ಇಲ್ಲಿ ಸರ್ಕಾರಕ್ಕೆ ಎರಡು ಮಾತು. ಮೀನುಗಾರಿಕಾ ದೋಣಿಗಳಿಗೆ ಇಸ್ರೋ ತಂತ್ರಜ್ಞಾನದ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಉಚಿತವಾಗಿ ಹಾಕಿಕೊಡುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ಕೊಟ್ಟಿದ್ದಾರೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಅದರಲ್ಲಿ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ. ಬಹಳ ಒಳ್ಳೆಯ ಕೆಲಸ. ಮೀನುಗಾರರಿಗೆ ಮೊದಲು ಸಿಗಲಿ, ಅದು ಅವರ ಹಕ್ಕು. ಹವ್ಯಾಸದ ದೋಣಿಯವರಿಗೆ ಪೂರ್ತಿ ಬೆಲೆ ತೆಗೆದುಕೊಂಡೇ ಕೊಡಲಿ, ನಾವು ಸಂತೋಷದಿಂದ ಕೊಡುತ್ತೇವೆ. ಎರಡನೆಯದು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಬೋಟುಗಳು ದಡದಲ್ಲಿರುತ್ತವೆ, ಬೋಟಿನ ಎಲೆಕ್ಟ್ರಿಷಿಯನ್‌ಗಳೂ ಸಿಗುತ್ತಾರೆ. ಆ ಹೊತ್ತಿಗೆ ಗಂಗೊಳ್ಳಿ, ಮಲ್ಪೆ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಎರಡೆರಡು ದಿನ ದೋಣಿ ವೈರಿಂಗ್ ತರಬೇತಿ ಇಟ್ಟರೆ ಎಷ್ಟು ಅನುಕೂಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಊರೂರಲ್ಲಿ ಐಟಿಐ ಇವೆ. ಮನೆ ವೈರಿಂಗ್ ಕಲಿತ ನಮ್ಮ ಹುಡುಗರಿಗೆ ಲಗ್ ಒತ್ತುವುದು, ಟ್ಯೂಬ್ ಬಿಸಿ ಮಾಡುವುದು, ಫ್ಯೂಸ್ ಎಲ್ಲಿ ಹಾಕುವುದು ಕಲಿಸಿದರೆ ಅವರಿಗೊಂದು ಉದ್ಯೋಗವೂ ಆಯಿತು. ಪಾಠ ಹೇಳಲು ತಂಡೇಲರನ್ನೂ ಕರೆಯಿರಿ.

ನಿಮ್ಮಲ್ಲೂ ಒಂದು ಕೋರಿಕೆ, ಸಂಪಾದಕರೇ. ಕರಾವಳಿ ಪುಟದಲ್ಲಿ ದಿನಾ ಚಿನ್ನ-ಬೆಳ್ಳಿ ದರ ಹಾಕುತ್ತೀರಿ. ಅದರ ಪಕ್ಕದಲ್ಲಿ ನಾಲ್ಕು ಸಾಲು ಜಾಗ ಕೊಡಿ. ಅಂದಿನ ಭರತ-ಇಳಿತದ ಹೊತ್ತು, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆ, ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸ್ ನಂಬರ್ 1093. ನಮ್ಮ ಮನೆಯಲ್ಲಿ ಈ ಎರಡು ನಂಬರನ್ನು ಪೇಂಟಿನಲ್ಲಿ ದೋಣಿಯ ಒಳಬದಿಗೆ ಬರೆದಿದ್ದೇವೆ, ಫ್ರಿಜ್ಜಿನ ಬಾಗಿಲಿಗೂ ಅಂಟಿಸಿದ್ದೇವೆ. ಅಮ್ಮನಿಗೆ ಈಗ ಅವು ಬಾಯಿಪಾಠ.

ಇತಿ,
ಕುಂದಾಪುರದ ಒಬ್ಬ ಓದುಗ